ಕಾರ್ಖಾನೆ ದಿಲ್ಲಿಯದು, ಗಣಿ ಬೆಂಗಳೂರಿನದು, ಮತ ಭದ್ರಾವತಿಯದು

ಪ್ರಶ್ನೆ: ನಮ್ಮದು ಭದ್ರಾವತಿ. ತಂದೆಯವರು 1982ರಲ್ಲಿ ಊರಿನ ಕಾರ್ಖಾನೆಯೊಂದಕ್ಕೆ ಸೇರಿ, 2013ರಲ್ಲಿ 58 ವರ್ಷ ತುಂಬಿ ನಿವೃತ್ತರಾದರು. 31 ವರ್ಷದ ದುಡಿಮೆಗೆ ಅವರಿಗೆ ಬರುತ್ತಿರುವ ಪಿಂಚಣಿ ತಿಂಗಳಿಗೆ 2,100 ರೂಪಾಯಿ ಚಿಲ್ಲರೆ. ತಮ್ಮ ಗುತ್ತಿಗೆ ಕಾರ್ಮಿಕ. ನನಗೆ ಬುದ್ಧಿ ಬಂದಾಗಿನಿಂದ ಪ್ರತಿ ಚುನಾವಣೆಯಲ್ಲೂ ಎಲ್ಲ ಪಕ್ಷದವರೂ ಕಾರ್ಖಾನೆ ಉಳಿಸುತ್ತೇವೆ ಎನ್ನುತ್ತಾರೆ. ಇಷ್ಟು ದೊಡ್ಡ ನೋವು ಚುನಾವಣೆಯ ಫಲಿತಾಂಶವನ್ನು ಏಕೆ ತಿರುಗಿಸುವುದಿಲ್ಲ? ತಂದೆಯವರ ಪಿಂಚಣಿ ಹೆಚ್ಚಿಸುವ ಶಕ್ತಿ ಯಾವ ಅಭ್ಯರ್ಥಿಗಿದೆ? ಬ್ಯಾಂಕಿನಲ್ಲಿ ಜೀವನ ಪ್ರಮಾಣಕ್ಕೆ (ಪಿಂಚಣಿದಾರರು ಬದುಕಿದ್ದಾರೆಂಬ ವಾರ್ಷಿಕ ದೃಢೀಕರಣಕ್ಕೆ) ಅವರ ಹೆಬ್ಬೆರಳ ಗುರುತು ಹೊಂದುತ್ತಿಲ್ಲ, ಅದಕ್ಕೇನು ಮಾಡಬೇಕು?

ಉತ್ತರ: ನಿಮ್ಮ ಮೊದಲ ಪ್ರಶ್ನೆಯಲ್ಲಿ ಒಂದು ಊಹೆ ಅಡಗಿದೆ: ಭದ್ರಾವತಿಯ ಜನ ಕಾರ್ಖಾನೆಯನ್ನು ಮರೆತು ಮತ ಹಾಕುತ್ತಾರೆ ಎಂಬುದು. ನಾನು ಇದನ್ನು ಒಪ್ಪುವುದಿಲ್ಲ. ಅಲ್ಲಿ ಕಾರ್ಖಾನೆಯ ನೋವು ಮತವಾಗಿದೆ, ಹಲವು ಸಲ ಆಗಿದೆ. ಆದರೆ ಮತ ಬೀಳುವುದು ಒಬ್ಬರಿಗೆ, ಕಡತ ಇರುವುದು ಇನ್ನೊಬ್ಬರ ಟೇಬಲ್ಲಿನ ಮೇಲೆ. ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಊರಿನ ಎರಡೂ ಕಾರ್ಖಾನೆಗಳ ಒಡೆತನದ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿದ್ದು ಮೈಸೂರು ಸಂಸ್ಥಾನ. 1923ರಲ್ಲಿ ಉತ್ಪಾದನೆ ಶುರುವಾದಾಗ ಅದರ ಲೆಕ್ಕಾಚಾರ ಸರಳವಾಗಿತ್ತು: ಕೆಮ್ಮಣ್ಣುಗುಂಡಿಯ ಅದಿರು, ಭಂಡಿಗುಡ್ಡದ ಸುಣ್ಣದಕಲ್ಲು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. ನಷ್ಟದ ಆ ಆರಂಭದ ವರ್ಷಗಳಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ಹಳಿಗೆ ತಂದವರು ಸರ್ ಎಂ. ವಿಶ್ವೇಶ್ವರಯ್ಯನವರು. ಕಾಡು ಕರಗಿದ ಮೇಲೆ ಇದ್ದಿಲಿನ ಜಾಗಕ್ಕೆ ಜೋಗದ ವಿದ್ಯುತ್ ಬಂತು. ವಿದ್ಯುತ್ ದುಬಾರಿಯಾಗಿ, ಕಡಿತ ಮಾಮೂಲಾದ ಮೇಲೆ ದೂರದಿಂದ ಕೋಕ್ ತರಿಸುವ ಕಾಲ ಬಂತು. ಹೀಗೆ ಯಾವ ಅನುಕೂಲಗಳನ್ನು ನಂಬಿ ಕಾರ್ಖಾನೆಯನ್ನು ಅಲ್ಲಿ ಕಟ್ಟಲಾಗಿತ್ತೋ ಅವು ಒಂದೊಂದಾಗಿ ಕೈಬಿಟ್ಟವು. ಬಂಡವಾಳ ಹೂಡುವ ಶಕ್ತಿ ರಾಜ್ಯಕ್ಕೆ ಉಳಿಯದೆ 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ, ಅಂದರೆ ಸೈಲ್‌ನ, ಅಧೀನ ಸಂಸ್ಥೆಯಾಯಿತು. 1998ರಲ್ಲಿ ಪೂರ್ತಿ ವಿಲೀನವಾಯಿತು. ಅಂದಿನಿಂದ ವಿಐಎಸ್‌ಎಲ್, ಅಂದರೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಈ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, ಕೇಂದ್ರದ್ದು.

ಕಾಗದದ ಕಾರ್ಖಾನೆಯ ದಾರಿ ಬೇರೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) 1977ರಲ್ಲಿ ರಾಜ್ಯ ಸರ್ಕಾರದ ಕಂಪನಿಯಾಯಿತು, 1980ರ ದಶಕದಲ್ಲಿ ಸುದ್ದಿ ಕಾಗದ ತಯಾರಿಸಿತು, ಕಬ್ಬು ಅರೆದು ಸಕ್ಕರೆಯನ್ನೂ ಮಾಡಿತು. ಸುದ್ದಿ ಕಾಗದದ ಆಮದು ಸಡಿಲವಾದ ಮೇಲೆ ವಿದೇಶಿ ಕಾಗದದ ಬೆಲೆಯೊಂದಿಗೆ ಏಗಲಾರದೆ ಸೊರಗಿ, 2015ರಲ್ಲಿ ಯಂತ್ರ ನಿಲ್ಲಿಸಿತು. ಕಾರ್ಮಿಕರು ಸ್ವಯಂ ನಿವೃತ್ತಿಯ ಹಣ ಪಡೆದು ಹೊರಬಂದರು. ಅದು ರಾಜ್ಯದ್ದು.

ಒಂದೇ ಊರಿನಲ್ಲಿ ನಿಂತುಹೋದ ಕಾರ್ಖಾನೆ ರಾಜ್ಯದ್ದು, ಕುಂಟುತ್ತಿರುವ ಕಾರ್ಖಾನೆ ಕೇಂದ್ರದ್ದು. ಚುನಾವಣಾ ಭಾಷಣಕಾರರಿಗೆ ಇದಕ್ಕಿಂತ ಅನುಕೂಲದ ಊರು ಇನ್ನೊಂದಿಲ್ಲ. ಕಾಂಗ್ರೆಸ್ಸಿನವರು ರಂಗಪ್ಪ ವೃತ್ತದಲ್ಲಿ ನಿಂತು ವಿಐಎಸ್‌ಎಲ್ ಮುಚ್ಚಲು ಹೊರಟವರು ಯಾರು ಎಂದು ಕೇಳಬಹುದು. ಬಿಜೆಪಿಯವರು ಅದೇ ಮೈಕಿನಲ್ಲಿ ಎಂಪಿಎಂ ನಿಂತಾಗ ವಿಧಾನಸೌಧದಲ್ಲಿ ಯಾರಿದ್ದರು ಎಂದು ಕೇಳಬಹುದು. ಎರಡೂ ಪ್ರಶ್ನೆ ಸರಿ, ಎರಡಕ್ಕೂ ಉತ್ತರ ಬರುವುದಿಲ್ಲ. ಅದಿರಿನ ವಿಷಯವಂತೂ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿದೆ. ಸ್ವಂತ ಗಣಿ ಇಲ್ಲದ ಉಕ್ಕಿನ ಕಾರ್ಖಾನೆ ಪೇಟೆಯ ಬೆಲೆಗೆ ಅದಿರು ಕೊಂಡು ಬಾಳಲಾರದು. ಬಂಡವಾಳ ಹಾಕಬೇಕಾದದ್ದು ಕೇಂದ್ರ, ಗಣಿ ಗುತ್ತಿಗೆ ಕೊಡಬೇಕಾದದ್ದು ರಾಜ್ಯ. ಗಣಿ ಇಲ್ಲದೆ ಹಣ ಹಾಕುವುದು ಹೇಗೆ ಎಂದು ಅವರು, ಹಣ ಹಾಕುವ ಖಾತ್ರಿ ಇಲ್ಲದೆ ಗಣಿ ಕೊಡುವುದು ಹೇಗೆ ಎಂದು ಇವರು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಸಂವಾದ ನಡೆದಿದೆ. 2011ರಲ್ಲಿ ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ ಮೇಲೆ ಅದಿರಿನ ಮಾತು ಇನ್ನಷ್ಟು ಜಟಿಲವಾಯಿತು.

ಈಗ ಮತಪೆಟ್ಟಿಗೆಯ ಕಡೆಗೆ ಬರೋಣ. 1994, 1999, 2004, ಈ ಮೂರೂ ವಿಧಾನಸಭಾ ಚುನಾವಣೆಗಳಲ್ಲಿ ಭದ್ರಾವತಿ ಆರಿಸಿದ್ದು ಪಕ್ಷೇತರರನ್ನು: ಮೊದಲೆರಡು ಸಲ ಎಂ.ಜೆ. ಅಪ್ಪಾಜಿ ಗೌಡರನ್ನು, ಮೂರನೆಯ ಸಲ ಬಿ.ಕೆ. ಸಂಗಮೇಶ್ವರ್ ಅವರನ್ನು. ಕಾರ್ಖಾನೆ ರಾಜ್ಯದ ಕೈಯಿಂದ ಪೂರ್ತಿಯಾಗಿ ಜಾರಿಹೋದದ್ದು ಇದೇ ಅವಧಿಯಲ್ಲಿ ಎಂಬುದನ್ನು ಗಮನಿಸಿ. ಇದನ್ನು ನಾನು ಕಾಕತಾಳೀಯ ಎಂದು ಬಗೆಯುವುದಿಲ್ಲ. ದೊಡ್ಡ ಪಕ್ಷಗಳಿಂದ ಕಾರ್ಖಾನೆಗೆ ಏನೂ ಆಗದು ಎಂದು ಮನವರಿಕೆಯಾದ ಕಾರ್ಮಿಕರ ಊರು, ಕನಿಷ್ಠ ತನ್ನ ಮನೆ ಬಾಗಿಲಿಗೆ ಬರುವ ಮನುಷ್ಯನನ್ನಾದರೂ ಆರಿಸೋಣ ಎಂದುಕೊಂಡಿತು. ಮಗನಿಗೆ ಗುತ್ತಿಗೆದಾರನ ಬಳಿ ಕೆಲಸ, ಠಾಣೆಯಲ್ಲಿ ಒಂದು ಮಾತು, ಆಸ್ಪತ್ರೆಗೆ ಒಂದು ಚೀಟಿ: ಕಾಯಂ ನೌಕರಿ ಇದ್ದಾಗ ಕಾರ್ಮಿಕ ಸಂಘ ಮಾಡುತ್ತಿದ್ದ ಈ ಕೆಲಸಗಳೆಲ್ಲ ಶಾಸಕರ ಮನೆಯ ಅಂಗಳಕ್ಕೆ ಬಂದವು. ಆ ಬಳಿಕ ಇಬ್ಬರೂ ಪಕ್ಷಗಳ ಚಿಹ್ನೆ ಹಿಡಿದರು, ಒಬ್ಬರು ಜೆಡಿಎಸ್, ಇನ್ನೊಬ್ಬರು ಕಾಂಗ್ರೆಸ್. ಆದರೂ ಸ್ಪರ್ಧೆ ಆ ಎರಡು ಮನೆಗಳ ನಡುವೆಯೇ ಉಳಿಯಿತು. 2020ರಲ್ಲಿ ಅಪ್ಪಾಜಿ ಗೌಡರು ತೀರಿಕೊಂಡ ಮೇಲೆ, 2023ರಲ್ಲಿ ಅವರ ಪತ್ನಿ ಶಾರದಾ ಅಪ್ಪಾಜಿಯವರು ಸ್ಪರ್ಧಿಸಿ ಸಂಗಮೇಶ್ವರ್ ಅವರ ಎದುರು ಮೂರು ಸಾವಿರಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಸೋತರು. ಇಷ್ಟು ವರ್ಷಗಳಲ್ಲಿ ಬಿಜೆಪಿ ಅಲ್ಲಿ ಒಮ್ಮೆಯೂ ಗೆದ್ದಿಲ್ಲ. ಆದರೆ ಭದ್ರಾವತಿಯನ್ನು ಒಳಗೊಂಡ ಶಿವಮೊಗ್ಗ ಲೋಕಸಭಾ ಕ್ಷೇತ್ರ 2009ರಿಂದ ಬಿಜೆಪಿಯ ಕೈಯಲ್ಲೇ ಇದೆ.

ಊರಿನ ಕೋಪ ವಿಧಾನಸಭೆಯಲ್ಲಿ ತೀರುತ್ತದೆ ಎಂದು ನಾನು ಹೇಳುವುದು ಇದಕ್ಕೇ. ವಿಐಎಸ್‌ಎಲ್ ಬಗ್ಗೆ ಶಾಸಕರು ಮನವಿ ಕೊಡಬಲ್ಲರೇ ಹೊರತು ತೀರ್ಮಾನ ಮಾಡಲಾರರು. ತೀರ್ಮಾನ ಮಾಡುವ ಸರ್ಕಾರವನ್ನು ಆರಿಸುವ ಲೋಕಸಭಾ ಚುನಾವಣೆಯಲ್ಲಿ ಭದ್ರಾವತಿ ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಒಂದು ಮಾತ್ರ. ಉಳಿದ ಕಡೆ ಅಡಿಕೆಯ ಧಾರಣೆ, ಬಗರ್ ಹುಕುಂ ಜಮೀನು, ಶರಾವತಿ ಮುಳುಗಡೆ ಸಂತ್ರಸ್ತರ ಹಕ್ಕುಪತ್ರ, ಜಾತಿಯ ಲೆಕ್ಕ, ದೇಶದ ನಾಯಕತ್ವದ ಮಾತು ನಡೆಯುತ್ತಿರುತ್ತದೆ. ಭದ್ರಾವತಿ ತಾಲ್ಲೂಕಿನಲ್ಲೇ ಸಕ್ಕರೆ ಘಟಕ ನಿಂತ ಮೇಲೆ ಕಬ್ಬಿನ ಗದ್ದೆ ಅಡಿಕೆ ತೋಟವಾದವರಿಗೆ ಈಗ ಕುಲುಮೆಗಿಂತ ಎಲೆಚುಕ್ಕೆ ರೋಗವೇ ದೊಡ್ಡ ಚಿಂತೆ. ಅವರನ್ನು ದೂಷಿಸುವಂತಿಲ್ಲ.

ಇನ್ನೊಂದು ಕಾರಣ ಲೆಕ್ಕದ್ದು. ಕಾರ್ಖಾನೆ ಕುಗ್ಗುವುದೆಂದರೆ ಅದನ್ನು ಉಳಿಸಬೇಕೆಂಬ ಮತದಾರರೂ ಕುಗ್ಗುವುದು. ಕಾಯಂ ಕಾರ್ಮಿಕ ನಿವೃತ್ತನಾದಾಗ ಅವನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಮಗ ಬೆಂಗಳೂರಿನ ಯಾವುದೋ ಗೋದಾಮಿನಲ್ಲಿಯೋ ಬಿಡದಿಯ ಕಾರ್ಖಾನೆಯಲ್ಲಿಯೋ ಕೆಲಸ ಹಿಡಿಯುತ್ತಾನೆ, ಮತದ ಚೀಟಿ ಮಾತ್ರ ಊರಿನಲ್ಲಿರುತ್ತದೆ, ಮತದಾನದ ದಿನ ರಜೆ ಸಿಕ್ಕರೆ ಬರುತ್ತಾನೆ. 2023ರ ಜನವರಿಯಲ್ಲಿ ಸೈಲ್ ಮಂಡಳಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನಕ್ಕೆ ಬಂದಾಗ ಕಾಯಂ ನೌಕರರು ಕೆಲವೇ ನೂರು ಮಂದಿ ಉಳಿದಿದ್ದರು, ಗುತ್ತಿಗೆಯವರು ಸಾವಿರಕ್ಕೂ ಹೆಚ್ಚು. ಧರಣಿ ಕೂತವರು ಹೆಚ್ಚಾಗಿ ಗುತ್ತಿಗೆಯವರು. 2016ರಲ್ಲಿ ಕೇಂದ್ರ ಸಚಿವ ಸಂಪುಟ ಖಾಸಗಿಗೆ ಮಾರಲು ತಾತ್ವಿಕ ಒಪ್ಪಿಗೆ ಕೊಟ್ಟಿತ್ತು, 2019ರಲ್ಲಿ ಆಸಕ್ತಿ ಇರುವವರನ್ನು ಕರೆದಿತ್ತು, ಕೊಳ್ಳುವವರು ಮುಂದೆ ಬರಲಿಲ್ಲವೆಂದು 2022ರಲ್ಲಿ ಅದನ್ನು ಕೈಬಿಟ್ಟಿತ್ತು. ಮಾರಲಾಗದ್ದನ್ನು ಮುಚ್ಚುವ ಹಂತ ಬಂದದ್ದು ವಿಧಾನಸಭಾ ಚುನಾವಣೆಗೆ ನಾಲ್ಕೇ ತಿಂಗಳಿದ್ದಾಗ.

ಅದೇ ಋತುವಿನ ಇನ್ನೊಂದು ಘಟನೆಯನ್ನು ಪಕ್ಕದಲ್ಲಿಟ್ಟು ನೋಡಿ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ವೇತನ ಪರಿಷ್ಕರಣೆಗಾಗಿ, ಹಾಗೂ ಕೊನೆಯ ವೇತನದ ಅರ್ಧದಷ್ಟನ್ನು ಸರ್ಕಾರವೇ ಕೊಡುತ್ತಿದ್ದ ಹಳೆಯ ಪಿಂಚಣಿಗಾಗಿ ಮುಷ್ಕರ ಹೂಡಿದರು. ಅದೇ ದಿನ ಮಧ್ಯಂತರ ಪರಿಹಾರವಾಗಿ ಶೇ 17ರ ಏರಿಕೆ ಘೋಷಣೆಯಾಯಿತು, ಮುಷ್ಕರ ಮುಗಿಯಿತು. ಭದ್ರಾವತಿಯ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಕೂತರು. ಸರ್ಕಾರಿ ನೌಕರರು 224 ಕ್ಷೇತ್ರಗಳಲ್ಲೂ ಇದ್ದಾರೆ, ಮತಗಟ್ಟೆಯನ್ನು ನಡೆಸುವವರೂ ಅವರೇ, ಅವರ ಬೇಡಿಕೆ ಈಡೇರಿಸುವ ಅಧಿಕಾರ ಆ ಚುನಾವಣೆಯಲ್ಲಿ ಮತ ಕೇಳುವ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಹಳೆಯ ಪಿಂಚಣಿಯ ಭರವಸೆ 2022ರ ಹಿಮಾಚಲ ಪ್ರದೇಶದ ಚುನಾವಣೆಯಲ್ಲಿ ಅಷ್ಟೊಂದು ಕೆಲಸ ಮಾಡಿದ್ದಕ್ಕೂ ಕಾರಣ ಅದೇ: ಚಿಕ್ಕ ರಾಜ್ಯ, ಮನೆಗೊಬ್ಬ ಸರ್ಕಾರಿ ನೌಕರ. ಕಾರ್ಖಾನೆಯ ಪಿಂಚಣಿದಾರರು ದೇಶದಲ್ಲಿ ಲಕ್ಷಾಂತರ ಇದ್ದರೂ ಯಾವ ಒಂದು ಕ್ಷೇತ್ರದಲ್ಲೂ ಗುಂಪಾಗಿ ಕಾಣುವುದಿಲ್ಲ.

ಹಾಗೆಂದು ಭದ್ರಾವತಿಯ ಗಲಾಟೆ ವ್ಯರ್ಥವಾಯಿತು ಎಂದಲ್ಲ. 2023ರ ಆಗಸ್ಟಿನಲ್ಲಿ ಹೊರಗಿನಿಂದ ತಂದ ಉಕ್ಕಿನ ಗಟ್ಟಿಗಳಿಂದ ಸರಳು ಎಳೆಯುವ ಘಟಕ (ಬಾರ್ ಮಿಲ್) ಮತ್ತೆ ನಡೆಯಿತು. ಮುಂದಿನ ವರ್ಷ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಕೇಂದ್ರದ ಉಕ್ಕು ಸಚಿವರಾಗಿ ಬಂದು ಪುನಶ್ಚೇತನದ ಮಾತಾಡಿದರು. ಭದ್ರಾವತಿಯ ವಿಧಾನಸಭಾ ಕಣದಲ್ಲಿ ಮತ ಕೇಳುವ ಜೆಡಿಎಸ್‌ನ ನಾಯಕರೇ ಕಡತದ ಮುಂದೆ ಕೂತಂತಾಯಿತು. ಭದ್ರಾವತಿಯ ರಾಜಕೀಯದಲ್ಲಿ ಇದು ಹೊಸತು. ಆದರೆ ಬಾರ್ ಮಿಲ್ ನಡೆಯುವುದು ಬೇರೆ, ಕುಲುಮೆ ಉರಿಯುವುದು ಬೇರೆ. ಹೊರಗಿನ ಉಕ್ಕನ್ನು ಕಾಯಿಸಿ ಎಳೆಯಲು ಬೇಕಾಗುವ ಕೈಗಳು ಕೆಲವು ನೂರು. ಅದಿರಿನಿಂದ ಉಕ್ಕು ಮಾಡಲು ಬೇಕಾಗುವವು ಸಾವಿರಗಳು. ಮುಂದೆ ಯಾರಾದರೂ 'ಕಾರ್ಖಾನೆ ಪುನರಾರಂಭ' ಎಂದಾಗ ನೀವು ಕೇಳಬೇಕಾದದ್ದು ಯಾವ ಘಟಕ, ಅದಿರು ಎಲ್ಲಿಂದ, ಗಣಿ ಗುತ್ತಿಗೆಯ ಆದೇಶದ ದಿನಾಂಕ ಯಾವುದು ಎಂದು.

ಈಗ ತಂದೆಯವರ 2,100 ರೂಪಾಯಿ. ಇದು ಕಾರ್ಖಾನೆ ಕೊಡುವ ಪಿಂಚಣಿಯಲ್ಲ, ಕಾರ್ಖಾನೆ ಮುಚ್ಚಿದ್ದರಿಂದ ಕಡಿಮೆಯಾದದ್ದೂ ಅಲ್ಲ. ಇದು 1995ರ ನೌಕರರ ಪಿಂಚಣಿ ಯೋಜನೆಯದು, ಕೊಡುವುದು ಭವಿಷ್ಯ ನಿಧಿ (ಪಿ.ಎಫ್.) ಸಂಘಟನೆ. ಲೆಕ್ಕ ಹೀಗಿದೆ: ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಯೋಜನೆ ಶುರುವಾದದ್ದು 1995ರ ನವೆಂಬರ್ 16ರಂದು. ನಿಮ್ಮ ತಂದೆಯವರ 31 ವರ್ಷದಲ್ಲಿ ಈ ಸೂತ್ರಕ್ಕೆ ಬರುವುದು ಅಲ್ಲಿಂದೀಚಿನ 18 ವರ್ಷ ಮಾತ್ರ. ಅವರ ನಿಜವಾದ ಮೂಲವೇತನ ಎಷ್ಟೇ ಇದ್ದಿರಲಿ, ಅವರು ನಿವೃತ್ತರಾದಾಗ ವೇತನದ ಮಿತಿ 6,500 ರೂಪಾಯಿ. 6,500ನ್ನು 18ರಿಂದ ಗುಣಿಸಿ 70ರಿಂದ ಭಾಗಿಸಿದರೆ 1,671 ರೂಪಾಯಿ. 1995ಕ್ಕೆ ಮುಂಚಿನ ಹದಿಮೂರು ವರ್ಷಗಳಿಗೆ, ಆಗ ಇದ್ದ 1971ರ ಕುಟುಂಬ ಪಿಂಚಣಿ ಯೋಜನೆಯ ಲೆಕ್ಕದಲ್ಲಿ, ಕೆಲವು ನೂರು ಸೇರುತ್ತದೆ. ಒಟ್ಟು ನಿಮ್ಮ ತಂದೆಯವರ ಪಾಸ್‌ಬುಕ್ಕಿನಲ್ಲಿ ಕಾಣುವ ಮೊತ್ತ. ಲೆಕ್ಕದಲ್ಲಿ ತಪ್ಪಿಲ್ಲ, ಯೋಜನೆಯೇ ಅಷ್ಟು ಸಣ್ಣದು.

ಇದರಲ್ಲಿ ತುಟ್ಟಿಭತ್ಯೆ ಇಲ್ಲ. 2013ರಲ್ಲಿ ಬಂದಷ್ಟೇ ಇಂದಿಗೂ ಬರುತ್ತದೆ. ಇದೇ ನಿಜವಾದ ಗಾಯ. 2014ರ ಸೆಪ್ಟೆಂಬರಿನಿಂದ ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದಾಯಿತು, ವೇತನದ ಮಿತಿ 15,000ಕ್ಕೆ ಏರಿತು. ಆ ಸಾವಿರ ಹತ್ತು ವರ್ಷ ಕಳೆದರೂ ಕದಲಲಿಲ್ಲ. ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ಸಂಸದೀಯ ಸಮಿತಿ 2013ರಲ್ಲೇ 3,000 ಎಂದಿತ್ತು. ಪಿಂಚಣಿದಾರರ ಬೇಡಿಕೆ 7,500 ಮತ್ತು ತುಟ್ಟಿಭತ್ಯೆ. ಈ ನಡುವೆ ರಾಜ್ಯದ ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ಬರುತ್ತಿದೆ. ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತವನ ಪಿಂಚಣಿಯೂ ಅವನ ಹೆಂಡತಿಯ ಗ್ಯಾರಂಟಿ ಹಣವೂ ಹೆಚ್ಚುಕಡಿಮೆ ಒಂದೇ ಆಗಿರುವ ಮನೆಗಳು ಭದ್ರಾವತಿಯಲ್ಲಿ ಬೇಕಾದಷ್ಟಿವೆ. ಗೃಹಲಕ್ಷ್ಮಿ ಹೆಚ್ಚಾಯಿತು ಎಂದು ನಾನು ಹೇಳುತ್ತಿಲ್ಲ. ಯಾವ ಹಣ ಯಾವ ಸರ್ಕಾರದ್ದೆಂದು ಮತದಾರನಿಗೆ ಸ್ಪಷ್ಟವಾಗಿ ತಿಳಿಯುತ್ತದೋ ಅದು ಚುನಾವಣೆಯಲ್ಲಿ ಮಾತಾಡುತ್ತದೆ ಎನ್ನುತ್ತಿದ್ದೇನೆ. ಪಿಂಚಣಿಯನ್ನು ಯಾರು ಕೊಡುತ್ತಾರೆಂದು ಎಷ್ಟೋ ಪಿಂಚಣಿದಾರರಿಗೇ ಗೊತ್ತಿರುವುದಿಲ್ಲ, 'ಪಿ.ಎಫ್. ಆಫೀಸಿನವರು' ಎನ್ನುತ್ತಾರೆ, ಆ ಆಫೀಸಿಗೆ ಮತ ಹಾಕುವ ಹಾಗಿಲ್ಲ.

ಹೆಚ್ಚಿಸುವ ಶಕ್ತಿ ಇರುವುದು ಕೇಂದ್ರ ಸರ್ಕಾರಕ್ಕೆ ಮಾತ್ರ. ಕೇಂದ್ರ ಕಾರ್ಮಿಕ ಸಚಿವರೇ ಭವಿಷ್ಯ ನಿಧಿಯ ಕೇಂದ್ರೀಯ ಟ್ರಸ್ಟಿಗಳ ಮಂಡಳಿಯ ಅಧ್ಯಕ್ಷರು. ಮಂಡಳಿ ಶಿಫಾರಸು ಮಾಡಬೇಕು, ಹಣಕಾಸು ಸಚಿವಾಲಯ ಒಪ್ಪಬೇಕು, ಅಧಿಸೂಚನೆ ಹೊರಡಬೇಕು. ಮಾಲೀಕರ ವಂತಿಗೆಯಲ್ಲಿ ವೇತನದ ಶೇ 8.33 ಮತ್ತು ಕೇಂದ್ರದ ಶೇ 1.16 ಮಾತ್ರ ಈ ನಿಧಿಗೆ ಹೋಗುವುದರಿಂದ, ಕನಿಷ್ಠ ಮೊತ್ತ ಏರಿಸಬೇಕೆಂದರೆ ಬೊಕ್ಕಸದಿಂದ ಹೊಸ ಹಣ ಬರಬೇಕು. ವಿಧಾನಸಭೆಯ ಅಭ್ಯರ್ಥಿ ಪಿಂಚಣಿ ಏರಿಸುತ್ತೇನೆಂದರೆ ನಂಬಬೇಡಿ. ಲೋಕಸಭೆಯ ಅಭ್ಯರ್ಥಿ ಹೇಳಿದರೆ, ತುಟ್ಟಿಭತ್ಯೆಯೂ ಸೇರಿಯೇ ಎಂದು ಕೇಳಿ. ಹೆಚ್ಚಿನ ಪಿಂಚಣಿಯ ಬಗ್ಗೆ 2022ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪನ್ನು ಹಿಡಿದು ಅರ್ಜಿ ಹಾಕಿಸುತ್ತೇವೆಂದು ಹಣ ಕೇಳುವ ಮಧ್ಯವರ್ತಿಗಳು ನಿಮ್ಮ ಊರಿನಲ್ಲೂ ಇರಬಹುದು. 2014ರ ಸೆಪ್ಟೆಂಬರ್ 1ಕ್ಕೆ ಮುಂಚೆ, ಪೂರ್ಣ ವೇತನದ ಮೇಲೆ ವಂತಿಗೆ ಕಟ್ಟುವ ಆಯ್ಕೆ ಕೊಡದೆಯೇ ನಿವೃತ್ತರಾದವರಿಗೆ ಆ ತೀರ್ಪಿನ ಪ್ರಯೋಜನವಿಲ್ಲ. ನಿಮ್ಮ ತಂದೆಯವರು ಆ ಗುಂಪಿನವರು; ದುಡ್ಡು ಕಳೆದುಕೊಳ್ಳಬೇಡಿ.

ತಮ್ಮನ ಬಗ್ಗೆ ನೀವು ವಿವರ ಕೊಟ್ಟಿಲ್ಲ, ಆದರೆ ಅವನದೇ ನನಗೆ ಹೆಚ್ಚು ಚಿಂತೆಯ ವಿಷಯ. ಗುತ್ತಿಗೆಯವರನ್ನು ಕಾಯಂ ಮಾಡಿಸುತ್ತೇವೆ ಎಂಬುದು ಕಾರ್ಖಾನೆಗಳ ಊರಿನ ಇನ್ನೊಂದು ಹಳೆಯ ಭರವಸೆ. ಸೈಲ್ ಪಕ್ಷಗಾರನಾಗಿದ್ದ ಪ್ರಕರಣದಲ್ಲೇ 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದೆಂದರೆ, ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದ ಮಾತ್ರಕ್ಕೆ ಗುತ್ತಿಗೆ ಕಾರ್ಮಿಕರು ತಾವಾಗಿಯೇ ಕಾಯಂ ಆಗುವುದಿಲ್ಲ. ಗುತ್ತಿಗೆ ಬರೀ ತೋರಿಕೆಯದೆಂದು ಕಾರ್ಮಿಕ ನ್ಯಾಯಮಂಡಳಿಯ ಮುಂದೆ ಸಾಬೀತುಪಡಿಸಬೇಕು. ಅದು ವರ್ಷಗಳ ಕೆಲಸ. ಅವನ ಕೈಯಲ್ಲೇ ಇರುವ ಒಂದು ಕೆಲಸ ಹೇಳುತ್ತೇನೆ. ಗುತ್ತಿಗೆದಾರ ಬದಲಾದಾಗಲೆಲ್ಲ ಹುಡುಗರು ಪಿ.ಎಫ್. ಜೊತೆಗೆ ಪಿಂಚಣಿಯ ಪಾಲನ್ನೂ ಬಿಡಿಸಿಕೊಂಡು ಬೈಕಿನ ಕಂತಿಗೋ ಮದುವೆಗೋ ಹಾಕಿಬಿಡುತ್ತಾರೆ. ಹಾಗೆ ಮಾಡಿದರೆ ಆ ಸೇವೆ ಅಳಿಸಿಹೋಗುತ್ತದೆ. ಪಿಂಚಣಿಗೆ ಕನಿಷ್ಠ ಹತ್ತು ವರ್ಷ ಬೇಕು. ನಾಲ್ವರು ಗುತ್ತಿಗೆದಾರರ ಬಳಿ ಮೂರು ಮೂರು ವರ್ಷ ದುಡಿದರೂ, ಕೆಲಸ ಬದಲಾದರೂ ಬದಲಾಗದ ಪಿ.ಎಫ್. ಗುರುತಿನ ಸಂಖ್ಯೆಯಾದ ಒಂದೇ ಯುಎಎನ್ ಅಡಿ ವರ್ಗಾಯಿಸಿಕೊಂಡರೆ ಹನ್ನೆರಡಾಗುತ್ತದೆ, ಬಿಡಿಸಿಕೊಂಡರೆ ಸೊನ್ನೆ. ಗುತ್ತಿಗೆದಾರ ವಂತಿಗೆ ಕಟ್ಟದಿದ್ದರೆ ಅದನ್ನು ತುಂಬುವ ಹೊಣೆ ಮೂಲ ಕಾರ್ಖಾನೆಯದು ಎಂಬುದೂ ಅವನಿಗೆ ತಿಳಿದಿರಲಿ. ತಿಂಗಳಿಗೊಮ್ಮೆ ಫೋನಿನಲ್ಲಿ ಪಾಸ್‌ಬುಕ್ ತೆರೆದು ನೋಡುವ ಅಭ್ಯಾಸ ಮಾಡಿಸಿ.

ಕೊನೆಯದಾಗಿ ಹೆಬ್ಬೆರಳು. ಕಾವು, ಗ್ರೀಸು, ಸುಣ್ಣ, ರಾಸಾಯನಿಕಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರ ಬೆರಳಿನ ಗೆರೆ ಸವೆದಿರುತ್ತದೆ; ಯಂತ್ರ ಗುರುತಿಸದಿರುವುದು ಅಪರೂಪವಲ್ಲ. ನಾನು ಕಂಡ ಒಬ್ಬ ನಿವೃತ್ತ ಎರಕದ ಕೆಲಸಗಾರರು ಹತ್ತೂ ಬೆರಳು ಒತ್ತಿ, ಕೊನೆಗೆ ಕೌಂಟರಿನ ಹುಡುಗಿಯನ್ನು 'ಅಮ್ಮಾ, ಕಾಲಿನದು ಆಗುತ್ತದೆಯೇ' ಎಂದು ಕೇಳಿದ್ದರು. ಈಗ ಬೆರಳಿನ ಬದಲು ಮುಖ ತೋರಿಸಿ ಜೀವನ ಪ್ರಮಾಣ ಮಾಡುವ ಮೊಬೈಲ್ ವ್ಯವಸ್ಥೆ ಇದೆ. ಆಧಾರ್ ಸಂಖ್ಯೆ ಮತ್ತು ಪಿ.ಪಿ.ಒ. (ಪಿಂಚಣಿ ಪಾವತಿ ಆದೇಶದ) ಸಂಖ್ಯೆ ಎದುರಿಗಿಟ್ಟುಕೊಂಡು, ಮುಖದ ಮೇಲೆ ಬೆಳಕು ಬೀಳುವ ಹಾಗೆ ಮನೆಯ ಜಗುಲಿಯಲ್ಲಿ ಕೂರಿಸಿ ನೀವೇ ಮಾಡಬಹುದು. ಈ ಯೋಜನೆಯವರು ನವೆಂಬರಿಗಾಗಿ ಕಾಯಬೇಕಿಲ್ಲ. ಯಾವ ತಿಂಗಳಲ್ಲಿ ಸಲ್ಲಿಸಿದರೂ ಅಲ್ಲಿಂದ ಹನ್ನೆರಡು ತಿಂಗಳು ಅದು ಊರ್ಜಿತವಾಗಿರುತ್ತದೆ. ಸಲ್ಲಿಸಿದ ಮೇಲೆ ಬರುವ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ತಾರೀಖಿನ ಸಮೇತ ಬರೆದಿಡಿ.